ಟೆಂಪೊದಲ್ಲಿ ಗಾಂಜಾ ಸಿಕ್ಕಿ ತಮ್ಮನಿಗೆ ಶಿಕ್ಷೆಯಾಗಿದೆ, ಹೈಕೋರ್ಟಿಗೆ ಹೋದರೆ ಪ್ರಯೋಜನ ಇದೆಯಾ?

ನಿಮ್ಮ ಪ್ರಶ್ನೆ ಪೂರ್ತಿ ಓದಿದೆ. ತಮ್ಮ ಕೋಲಾರದ ಎಪಿಎಂಸಿಯಿಂದ ಟೊಮ್ಯಾಟೊ ಸಾಗಿಸುವ ಟೆಂಪೊ ಡ್ರೈವರ್. ತಮಿಳುನಾಡಿನಲ್ಲಿ ಲೋಡ್ ಇಳಿಸಿ ಖಾಲಿ ಕ್ರೇಟ್ ತುಂಬಿಕೊಂಡು ವಾಪಸ್ ಬರುವಾಗ ಪಲಮನೇರಿನಲ್ಲಿ ಒಬ್ಬನನ್ನು ಹತ್ತಿಸಿಕೊಂಡಿದ್ದಾನೆ. ನಂಗಲಿ ದಾಟಿದ ಮೇಲೆ ರಾತ್ರಿ ಪೊಲೀಸರು ಗಾಡಿ ತಡೆದಿದ್ದಾರೆ. ಹತ್ತಿದವನು ಓಡಿಹೋದ. ಕ್ರೇಟುಗಳ ಕೆಳಗೆ 8 ಕಿಲೋ ಗಾಂಜಾ ಸಿಕ್ಕಿತು. ಈಗ ವಿಶೇಷ ನ್ಯಾಯಾಲಯ 6 ವರ್ಷ ಶಿಕ್ಷೆ ಕೊಟ್ಟಿದೆ. ‘ಗೆಜೆಟೆಡ್ ಅಧಿಕಾರಿ ಮುಂದೆ ಶೋಧ ಆಗಬೇಕಾ ಅಂತ ತಮ್ಮನನ್ನು ಕೇಳಲೇ ಇಲ್ಲ. ಸೆಕ್ಷನ್ 50 ಪಾಲಿಸಿಲ್ಲ. ಇದೊಂದರ ಮೇಲೆ ಗೆಲ್ಲಬಹುದಾ?’ ಅಂತ ಕೇಳಿದ್ದೀರಿ.

ನಾನು ಇದೇ ಕೋಲಾರ ಜಿಲ್ಲೆಯಲ್ಲಿ ಕ್ರಿಮಿನಲ್ ಕೇಸು ನಡೆಸುವ ವಕೀಲ. ಮೇಲ್ಮನವಿ ಹಾಕಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸೆಕ್ಷನ್ 50 ನಂಬಿಕೊಂಡು ಹೋಗಬೇಡಿ.

ಎನ್‌ಡಿಪಿಎಸ್ (ಮಾದಕ ವಸ್ತು ತಡೆ) ಕಾಯ್ದೆಯ ಸೆಕ್ಷನ್ 50 ಇರುವುದು ಮೈಮೇಲಿನ ಶೋಧಕ್ಕೆ. ಜೇಬು, ಸೊಂಟ, ಉಟ್ಟ ಬಟ್ಟೆ ಇವಕ್ಕೆ. ಕೈಯಲ್ಲಿರುವ ಬ್ಯಾಗು ಕೂಡ ಮೈ ಅಲ್ಲ ಅಂತ ಸುಪ್ರೀಂ ಕೋರ್ಟು 2005ರ ಪವನ್ ಕುಮಾರ್ ಪ್ರಕರಣದಲ್ಲೇ ಹೇಳಿದೆ. 2023ರಲ್ಲಿ ರಂಜನ್ ಕುಮಾರ್ ಚಡ್ಡಾ ಪ್ರಕರಣದಲ್ಲಿ ಅದನ್ನೇ ಮತ್ತೆ ಗಟ್ಟಿ ಮಾಡಿದೆ. ನಿಮ್ಮ ತಮ್ಮನ ಜೇಬಿನಲ್ಲಿ ಏನೂ ಸಿಕ್ಕಿಲ್ಲ, ಸಿಕ್ಕಿದ್ದೆಲ್ಲ ಗಾಡಿಯ ಹಿಂಬದಿಯಲ್ಲಿ. ಹಾಗಾಗಿ ಆ ವಾದ ಹೈಕೋರ್ಟಿನಲ್ಲಿ ನಿಲ್ಲುವುದು ಕಷ್ಟ. ಎಷ್ಟೋ ಮನೆಯವರು ಇದೊಂದನ್ನೇ ಹಿಡಿದುಕೊಂಡು, ನಿಜವಾಗಿ ಬಲ ಇರುವ ಅಂಶವನ್ನು ಕೈಬಿಡುತ್ತಾರೆ. ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಬಲ ಇರುವುದು ಸೆಕ್ಷನ್ 42ರಲ್ಲಿ. ಗಾಡಿ ನಿಲ್ಲಿಸುವ ಮೊದಲು ಪೊಲೀಸರು ಏನು ಬರೆದಿಟ್ಟರು ಅನ್ನುವುದೇ ನಿಮ್ಮ ಕೇಸಿನ ಮೊದಲ ಪ್ರಶ್ನೆ. ಎಫ್‌ಐಆರ್ ತೆಗೆದು ನೋಡಿ. ‘ಬಾತ್ಮೀದಾರರಿಂದ ಬಂದ ಖಚಿತ ಮಾಹಿತಿ ಮೇರೆಗೆ’ ಅಂತ ಇದೆಯಾ? ಇದ್ದರೆ, ಆ ಮಾಹಿತಿಯನ್ನು ಬರವಣಿಗೆಗೆ ಇಳಿಸಬೇಕಿತ್ತು. ಅದರ ಪ್ರತಿಯನ್ನು 72 ಗಂಟೆಯೊಳಗೆ ಮೇಲಧಿಕಾರಿಗೆ ಕಳಿಸಬೇಕಿತ್ತು. ಸೂರ್ಯ ಮುಳುಗಿದ ಮೇಲೆ ಶೋಧ ಮಾಡಿದ್ದರಿಂದ ಇನ್ನೂ ಒಂದು ಕೆಲಸ ಇತ್ತು. ವಾರಂಟ್ ತರಲು ಹೋದರೆ ಮಾಲು ಕೈತಪ್ಪುತ್ತದೆ ಅನ್ನಲು ಏನು ಕಾರಣ ಅಂತ ಮೊದಲೇ ದಾಖಲಿಸಬೇಕಿತ್ತು. ಈ ಕಾಗದಗಳು ಕೋರ್ಟಿನ ಫೈಲಿನಲ್ಲಿ ಇವೆಯಾ? ಸಾಕ್ಷ್ಯ ಅಂತ ಗುರುತು ಹಾಕಿ ನಿಶಾನೆ ಆಗಿವೆಯಾ? ಅಥವಾ ತನಿಖಾಧಿಕಾರಿ ಪಾಟಿ ಸವಾಲಿನಲ್ಲಿ ‘ಮೇಲಧಿಕಾರಿಗೆ ಫೋನಿನಲ್ಲಿ ಹೇಳಿದೆ’ ಅಂತಷ್ಟೇ ಹೇಳಿದ್ದಾರಾ?

ಇಲ್ಲಿ ಸರ್ಕಾರಿ ಅಭಿಯೋಜಕರು ಎತ್ತುವ ಮಾತು ಒಂದಿದೆ. ಹೈವೇ ಸಾರ್ವಜನಿಕ ಜಾಗ, ಅದಕ್ಕೆ ಸೆಕ್ಷನ್ 43 ಸಾಕು, 42 ಬೇಡ ಅಂತ. ಅದಕ್ಕೆ ಉತ್ತರ 2021ರ ಬೂಟಾ ಸಿಂಗ್ ತೀರ್ಪಿನಲ್ಲಿ ಸಿಗುತ್ತದೆ. ಅಲ್ಲಿ ಜೀಪು ನಿಂತಿದ್ದು ಸಾರ್ವಜನಿಕ ರಸ್ತೆಯಲ್ಲೇ. ಆದರೂ ಖಾಸಗಿ ಗಾಡಿ ಸಾರ್ವಜನಿಕ ಜಾಗ ಆಗಲ್ಲ, 42 ಪಾಲಿಸಲೇಬೇಕು ಅಂತ ಸುಪ್ರೀಂ ಕೋರ್ಟು ಹೇಳಿತು. ಕೆಳಗಿನ ಕೋರ್ಟು ಶಿಕ್ಷೆ ಕೊಟ್ಟು, ಹೈಕೋರ್ಟು ಅದನ್ನು ಎತ್ತಿಹಿಡಿದಿದ್ದ ಕೇಸದು, ಕೊನೆಗೆ ಬಿಡುಗಡೆ ಆಯಿತು. ಆ ಜೀಪಿನ ಆರ್‌ಸಿಯಲ್ಲಿ ಅದು ಸಾರ್ವಜನಿಕ ಸಾರಿಗೆ ವಾಹನ ಅಂತ ಇರಲಿಲ್ಲ. ನಿಮ್ಮದು ಹಳದಿ ಬೋರ್ಡಿನ ಟೆಂಪೊ, ಆದ್ದರಿಂದ ಇದರ ಮೇಲೆ ಜಗಳ ಆಗಿಯೇ ಆಗುತ್ತದೆ. ಅದು ಸರಕು ಗಾಡಿ, ಬಸ್ಸಿನ ಹಾಗೆ ಟಿಕೆಟ್ ತಗೊಂಡು ಯಾರು ಬೇಕಾದರೂ ಹತ್ತುವ ಗಾಡಿ ಅಲ್ಲ ಅಂತ ನಿಮ್ಮ ವಕೀಲರು ಹೇಳಬೇಕಾಗುತ್ತದೆ. ಆರ್‌ಸಿ, ಪರ್ಮಿಟ್ ಎರಡರ ನಕಲೂ ಕೊಡಿ.

ಎರಡು ಸಂದರ್ಭಗಳಲ್ಲಿ 42ರ ವಾದ ಸಡಿಲ ಆಗುತ್ತದೆ. ಮೊದಲೇ ಯಾವ ಮಾಹಿತಿಯೂ ಇಲ್ಲದೆ, ಮಾಮೂಲಿ ತಪಾಸಣೆಯಲ್ಲಿ ಆಕಸ್ಮಿಕವಾಗಿ ಸಿಕ್ಕಿದ್ದರೆ ಒಂದು. ಅಧಿಕಾರ ಇರುವ ಗೆಜೆಟೆಡ್ ಅಧಿಕಾರಿಯೇ ಖುದ್ದು ಶೋಧ ನಡೆಸಿದ್ದರೆ ಇನ್ನೊಂದು. ಹಾಗೆಯೇ, ಕಾಗದ ತಡವಾಗಿ ಕಳಿಸಿ ಅದಕ್ಕೆ ಸರಿಯಾದ ಕಾರಣ ಕೊಟ್ಟಿದ್ದರೆ ಕೋರ್ಟು ಒಪ್ಪಬಹುದು. ಏನೂ ಬರೆಯದೇ ಇದ್ದರೆ ಮಾತ್ರ ಒಪ್ಪಲ್ಲ. ಇದು 2009ರ ಕರ್ನೈಲ್ ಸಿಂಗ್ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಹಾಕಿಕೊಟ್ಟ ದಾರಿ.

ಇನ್ನು ಆ ಓಡಿಹೋದ ಮನುಷ್ಯ. ನಿಮ್ಮ ತಮ್ಮನ ಕೇಸಿನ ಜೀವಾಳ ಇದೇ ಅಂತ ನನಗನ್ನಿಸುತ್ತದೆ. ಗಾಡಿಯಲ್ಲಿ ಮಾಲು ಇತ್ತು ಅನ್ನುವುದು ಬೇರೆ, ಇದೆ ಅಂತ ಡ್ರೈವರಿಗೆ ಗೊತ್ತಿತ್ತು ಅನ್ನುವುದು ಬೇರೆ. ಈ ಕಾಯ್ದೆಯಲ್ಲಿ ಸೆಕ್ಷನ್ 35 ಮತ್ತು 54 ಆರೋಪಿಗೆ ವಿರುದ್ಧವಾಗಿ ಊಹಿಸಲು ಅವಕಾಶ ಕೊಡುತ್ತವೆ, ನಿಜ. ಆದರೆ ಆ ಊಹೆಗೆ ಮೊದಲು ಬುನಾದಿ ಸಂಗತಿಗಳನ್ನು ಪೊಲೀಸರೇ ಸಾಬೀತು ಮಾಡಬೇಕು. 2008ರ ನೂರ್ ಆಗಾ ತೀರ್ಪು ಇದನ್ನು ಬಿಡಿಸಿ ಹೇಳುತ್ತದೆ. ಓಡಿಹೋದವನ ವಿಷಯ ಮಹಜರಿನಲ್ಲಿ (ಸ್ಥಳದಲ್ಲಿ ಬರೆದ ಜಪ್ತಿ ಕಾಗದ) ಬಂದಿದೆಯಾ? ಅವನನ್ನು ಹುಡುಕಿದರಾ? ಅವನು ಬ್ಯಾಗು ಇಟ್ಟುಕೊಂಡು ಹತ್ತಿದ್ದನ್ನು ಯಾರಾದರೂ ಹೇಳಿದ್ದಾರಾ? ಎಲ್ಲಕ್ಕಿಂತ ಮುಖ್ಯ, ಸಾಕ್ಷ್ಯ ಮುಗಿದ ಮೇಲೆ ನ್ಯಾಯಾಧೀಶರು ನೇರವಾಗಿ ಪ್ರಶ್ನೆ ಕೇಳಿದಾಗ ನಿಮ್ಮ ತಮ್ಮ ಈ ವಿಷಯ ಹೇಳಿದ್ದಾನಾ? ಬಹಳ ಜನ ಅಲ್ಲಿ ಹೆದರಿಕೊಂಡು ಎಲ್ಲದಕ್ಕೂ ‘ಸುಳ್ಳು’ ಅಂದು ಇಳಿದುಬರುತ್ತಾರೆ. ಹಾಗೆ ಆಗಿದ್ದರೂ ದಾರಿ ಮುಚ್ಚಿಲ್ಲ. ಪೊಲೀಸರ ಸಾಕ್ಷಿಯಲ್ಲೇ ಓಡಿಹೋದವನ ಮಾತು ಬಂದಿದ್ದರೆ ಅದನ್ನು ಹಿಡಿದುಕೊಳ್ಳಬಹುದು.

ಇಲ್ಲಿ ಒಂದು ಮಾತು ತಿಳಿದಿರಲಿ. ಮೇಲ್ಮನವಿ ಅಂದರೆ ಕೇಸು ಮೊದಲಿಂದ ನಡೆಯುವುದಲ್ಲ. ಹೈಕೋರ್ಟು ನೋಡುವುದು ಕೆಳಗಿನ ಕೋರ್ಟಿನ ದಾಖಲೆಯನ್ನು. ಹೊಸ ಸಾಕ್ಷಿ ಕರೆಸಲು ಅವಕಾಶ ಇದೆ, ಆದರೆ ಅದು ಬಹಳ ಅಪರೂಪ. ಅದಕ್ಕೇ ಪ್ರತಿ ಸಾಕ್ಷಿಯ ಹೇಳಿಕೆಯನ್ನೂ ಮನೆಯವರು ಕೂತು ಓದಬೇಕು. ಸಾಮಾನ್ಯವಾಗಿ ಕನ್ನಡದಲ್ಲೇ ಇರುತ್ತವೆ, ಭಯ ಬೇಡ. ಪಂಚರು, ಅಂದರೆ ಮಹಜರಿಗೆ ಸಹಿ ಹಾಕಿದ ಸಾಕ್ಷಿಗಳು, ಏನು ಹೇಳಿದ್ದಾರೆ ನೋಡಿ. ರಸ್ತೆಯಲ್ಲಿ ಬರೆದ ಮಹಜರು ಅಂತ ಕಾಗದ ಹೇಳುತ್ತದೆ, ‘ಠಾಣೆಯಲ್ಲಿ ಸಹಿ ಹಾಕಿದೆ’ ಅಂತ ಪಂಚ ಹೇಳುತ್ತಾನೆ. ಇಂಥದ್ದನ್ನು ನಾನು ಬಹಳ ಕೇಸುಗಳಲ್ಲಿ ನೋಡಿದ್ದೇನೆ. ಪಂಚರು ತಿರುಗಿಬಿದ್ದರು ಅನ್ನುವುದೊಂದೇ ಬಿಡುಗಡೆಗೆ ಸಾಕಾಗಲ್ಲ. ಆದರೆ ಬೇರೆ ದೋಷಗಳ ಜೊತೆ ಸೇರಿದಾಗ ತೂಕ ಬರುತ್ತದೆ.

ಸ್ಯಾಂಪಲ್ ವಿಷಯವನ್ನೂ ನೋಡಿ. ಸೆಕ್ಷನ್ 52ಎ ಪ್ರಕಾರ ಮ್ಯಾಜಿಸ್ಟ್ರೇಟ್ ಮುಂದೆ ಮಾಲಿನ ಪಟ್ಟಿ ಮಾಡಿ, ಅವರ ಎದುರಿಗೇ ಸ್ಯಾಂಪಲ್ ತೆಗೆಯಬೇಕು. ರಸ್ತೆ ಬದಿಯಲ್ಲೇ ತೆಗೆದು ವಿಧಿವಿಜ್ಞಾನ ಲ್ಯಾಬ್ ಆದ ಎಫ್‌ಎಸ್‌ಎಲ್‌ಗೆ ಕಳಿಸಿದ್ದರೆ ಅದು ದೋಷ. ಇಂಟರ್ನೆಟ್ಟಿನಲ್ಲಿ ಕೆಲವರು ‘52ಎ ತಪ್ಪಿದರೆ ಕೇಸು ಖಲಾಸ್’ ಅಂತ ಬರೆಯುತ್ತಾರೆ. 2025ರ ಭರತ್ ಆಂಬಲೆ ತೀರ್ಪಿನ ನಂತರ ಹಾಗೆ ಹೇಳುವಂತಿಲ್ಲ. ಅದೊಂದರಿಂದಲೇ ಕೇಸು ಬೀಳಲ್ಲ, ಉಳಿದ ಸಾಕ್ಷ್ಯದ ಜೊತೆ ಇಟ್ಟು ತೂಗುತ್ತಾರೆ. ಜಪ್ತಿಯಾದ ಮುದ್ದೆಮಾಲು ಎಲ್ಲಿತ್ತು, ಸೀಲು ಯಾರ ಹತ್ತಿರ ಇತ್ತು, ಲ್ಯಾಬಿಗೆ ಯಾರು ಯಾವತ್ತು ಒಯ್ದರು, ಈ ಕೊಂಡಿಗಳಲ್ಲಿ ಒಂದು ಕಳಚಿದ್ದರೂ ಬರೆದಿಟ್ಟುಕೊಳ್ಳಿ. ‘ದೂರು ಕೊಟ್ಟ ಇನ್‌ಸ್ಪೆಕ್ಟರೇ ತನಿಖೆ ಮಾಡಿದ್ದಾರೆ’ ಅನ್ನುವ ಹಳೆಯ ವಾದಕ್ಕೂ 2020ರ ಮುಕೇಶ್ ಸಿಂಗ್ ತೀರ್ಪಿನ ನಂತರ ಮೊದಲಿನ ಬಲ ಉಳಿದಿಲ್ಲ.

ಈಗ ತುರ್ತಾಗಿ ಆಗಬೇಕಾದ ಕೆಲಸ. ಹೈಕೋರ್ಟಿಗೆ ಮೇಲ್ಮನವಿ ಹಾಕಲು ತೀರ್ಪಿನ ದಿನದಿಂದ 60 ದಿನ. ನಕಲು ಪಡೆಯಲು ಹಿಡಿದ ದಿನಗಳನ್ನು ಬಿಟ್ಟು ಲೆಕ್ಕ. ತೀರ್ಪಿನ ಒಂದು ಪ್ರತಿಯನ್ನು ತಮ್ಮನಿಗೆ ಉಚಿತವಾಗಿ ಕೊಡಲೇಬೇಕು, ಕೊಟ್ಟಿದ್ದಾರಾ ಕೇಳಿ. ಅವಧಿ ಮೀರಿದ್ದರೆ ಕಾರಣ ಕೊಟ್ಟು ತಡ ಮನ್ನಿಸುವಂತೆ ಅರ್ಜಿ ಹಾಕಬಹುದು. ಕೋಲಾರದ ಮೇಲ್ಮನವಿ ಹೋಗುವುದು ಬೆಂಗಳೂರಿನ ಪ್ರಧಾನ ಪೀಠಕ್ಕೆ.

ಮೇಲ್ಮನವಿಯ ಜೊತೆಯಲ್ಲೇ ಶಿಕ್ಷೆ ಅಮಾನತು ಮತ್ತು ಜಾಮೀನಿಗೆ ಅರ್ಜಿ ಹಾಕಿಸಿ. ಅದು ಕ್ರಿಮಿನಲ್ ಕೇಸು ನಡೆಸುವ ವಿಧಾನದ ಕಾಯ್ದೆಯಲ್ಲಿದೆ, ಸೆಕ್ಷನ್ ಸಂಖ್ಯೆ ಹಳೆಯ ಸಿಆರ್‌ಪಿಸಿಯ 389, ಈಗಿನ ಬಿಎನ್‌ಎಸ್‌ಎಸ್‌ನ 430. ಎನ್‌ಡಿಪಿಎಸ್ ಕೇಸಿನಲ್ಲಿ ಶಿಕ್ಷೆ ಅಮಾನತು ಆಗುವುದೇ ಇಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಸೆಕ್ಷನ್ 32ಎ ಹಾಗೆ ಹೇಳುತ್ತಿತ್ತು. 2000ದ ದಾದು ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಅಷ್ಟು ಭಾಗವನ್ನು ತೆಗೆದುಹಾಕಿತು. ಇನ್ನೊಂದು ಸಮಾಧಾನದ ವಿಷಯ ಇದೆ. ಗಾಂಜಾದಲ್ಲಿ 1 ಕಿಲೋವರೆಗೆ ಸಣ್ಣ ಪ್ರಮಾಣ, ವಾಣಿಜ್ಯ ಪ್ರಮಾಣದ ಗೆರೆ 20 ಕಿಲೋ. 8 ಕಿಲೋ ನಡುವೆ ಬರುತ್ತದೆ. ವಾಣಿಜ್ಯ ಪ್ರಮಾಣಕ್ಕೆ ಇರುವ ಸೆಕ್ಷನ್ 37ರ ಕಠಿಣ ಜಾಮೀನು ಷರತ್ತು ನಿಮಗೆ ತಾಗಲ್ಲ. ನಡುವಿನ ಪ್ರಮಾಣಕ್ಕೆ ಗರಿಷ್ಠ 10 ವರ್ಷ ಅಂತಿದೆ, ಕನಿಷ್ಠ ಅಂತ ಇಲ್ಲ. ಹಾಗಾಗಿ ಬಿಡುಗಡೆ ಆಗದಿದ್ದರೂ ಶಿಕ್ಷೆ ಕಡಿಮೆ ಮಾಡಿ ಅಂತ ಕೇಳಲು ಜಾಗ ಇದೆ. ವಿಚಾರಣೆ ವೇಳೆ ಒಳಗಿದ್ದ ದಿನಗಳೂ ಶಿಕ್ಷೆಯಲ್ಲಿ ಕಳೆಯುತ್ತವೆ. ‘ಮೇಲೆ ಹೋದರೆ ಶಿಕ್ಷೆ ಜಾಸ್ತಿ ಮಾಡಿಬಿಡ್ತಾರಾ’ ಅಂತ ನಿಮ್ಮ ತಾಯಿ ಹೆದರಿದ್ದಾರೆ ಅಂದಿರಿ. ನೀವು ಹಾಕಿದ ಮೇಲ್ಮನವಿಯಲ್ಲಿ ಶಿಕ್ಷೆ ಹೆಚ್ಚಿಸುವಂತಿಲ್ಲ ಅಂತ ಅಮ್ಮನಿಗೆ ಹೇಳಿ. ಅದಕ್ಕೆ ಸರ್ಕಾರ ಬೇರೆ ಮೇಲ್ಮನವಿ ಹಾಕಬೇಕಾಗುತ್ತದೆ.

ದುಡ್ಡಿಲ್ಲ ಅಂತ ನಿಲ್ಲಬೇಡಿ. ಜೈಲಿನಲ್ಲಿರುವವರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡಬೇಕು ಅಂತ ಕಾನೂನೇ ಇದೆ. ಕೋಲಾರದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಹೈಕೋರ್ಟಿಗೂ ಪ್ರತ್ಯೇಕ ಕಾನೂನು ಸೇವಾ ಸಮಿತಿ ಇದೆ. ತಮ್ಮ ಜೈಲಿನ ಅಧಿಕಾರಿ ಮೂಲಕವೇ ಮೇಲ್ಮನವಿ ಕಳಿಸಲೂಬಹುದು, ಅದೂ ಅಷ್ಟೇ ಸಿಂಧು.

ಟೆಂಪೊ ಬಗ್ಗೆ ನೀವು ಏನೂ ಬರೆದಿಲ್ಲ. ತೀರ್ಪಿನ ಕೊನೆಯ ಪುಟದಲ್ಲಿ ಗಾಡಿ ಮುಟ್ಟುಗೋಲು ಅಂತ ಆದೇಶ ಇದೆಯಾ ನೋಡಿ. ಇದ್ದರೆ ಅದನ್ನೂ ಇದೇ ಮೇಲ್ಮನವಿಯಲ್ಲಿ ಪ್ರಶ್ನಿಸಿ. ಗಾಡಿ ಬೇರೆಯವರ ಹೆಸರಲ್ಲಿದ್ದರೆ, ಮಾಲಿನ ವಿಷಯ ತನಗೆ ಗೊತ್ತಿರಲಿಲ್ಲ, ತಾನು ಎಚ್ಚರಿಕೆ ವಹಿಸಿದ್ದೆ ಅಂತ ಆ ಮಾಲೀಕರು ತೋರಿಸಬೇಕು, ಅವರಿಗೂ ಈಗಲೇ ತಿಳಿಸಿ.