ಗಣಿತ ತಪ್ಪಿಸಿಕೊಳ್ಳಲು ಪಿಸಿಎಂಬಿ ಸೇರಬೇಡಿ

ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನಕ್ಕೆ ಒಳ್ಳೆಯ ಅಂಕ, ಗಣಿತ ಕಷ್ಟ, ಅದರ ಅಂಕ ಅಷ್ಟಕ್ಕಷ್ಟೆ. ಪಿಸಿಎಂಬಿ (ಭೌತ, ರಸಾಯನ, ಗಣಿತ, ಜೀವಶಾಸ್ತ್ರ) ತೆಗೆದುಕೊಂಡು ವೈದ್ಯಕೀಯ ಪ್ರವೇಶದ ನೀಟ್‌ಗೆ ಓದಿದರೆ ಗಣಿತದಲ್ಲಿ ಪಾಸಾದರೆ ಸಾಕಲ್ಲವೇ, ಇಲ್ಲ ಜೀವಶಾಸ್ತ್ರದ ಬದಲು ಕಂಪ್ಯೂಟರ್ ಇರುವ ಪಿಸಿಎಂಸಿಯೇ ವಾಸಿಯೇ ಎಂದು ಬ್ರಹ್ಮಾವರದಿಂದ ಕೇಳಿದ್ದೀರಿ. ನಾನು ಕಾರ್ಕಳದ ಕಡೆಯವಳು. ನೀವು ಈಗ ಹಾಕುತ್ತಿರುವ ಲೆಕ್ಕವನ್ನೇ ನಾನೂ ಹಾಕಿದ್ದೆ, ಅದು ಎಲ್ಲಿಗೆ ತಂದು ನಿಲ್ಲಿಸಿತು ಎಂಬುದನ್ನು ಹೇಳುತ್ತೇನೆ.

ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಮಾಧ್ಯಮ. ಹೈಸ್ಕೂಲಿನಲ್ಲಿ ವಿಜ್ಞಾನ ಒಂದೇ ವಿಷಯ, ಒಂದೇ ಪ್ರಶ್ನೆಪತ್ರಿಕೆ. ಹೃದಯದ ಚಿತ್ರ ಬರೆದು ಭಾಗ ಗುರುತಿಸಿದರೂ ಅಂಕ, ಓಮನ ನಿಯಮ ಬರೆದರೂ ಅಂಕ. ಎಲ್ಲ ಸೇರಿ ಬಂದ ಮೊತ್ತವನ್ನು ನೋಡಿ ನನಗೆ ವಿಜ್ಞಾನ ಒಲಿದಿದೆ ಎಂದು ಮನೆಯವರೆಲ್ಲ ತೀರ್ಮಾನಿಸಿದರು. ಸೋದರಮಾವ ಮುಂಬಯಿಯಿಂದ ಫೋನ್ ಮಾಡಿ, "ಪಿಸಿಎಂಬಿ ತೆಗೆದುಕೋ. ಡಾಕ್ಟರ್ ಸೀಟು ಸಿಕ್ಕಿದರೆ ಆಯಿತು, ಸಿಗದಿದ್ದರೆ ಇಂಜಿನಿಯರಿಂಗ್ ಹೇಗೂ ಇದೆ" ಎಂದರು. ನಮ್ಮ ಜಿಲ್ಲೆಗಳ ಗಾಳಿಯೇ ಹಾಗೆ. ದ್ವಿತೀಯ ಪಿಯುಸಿ ಫಲಿತಾಂಶದಲ್ಲಿ 2024ರಲ್ಲಿ ದಕ್ಷಿಣ ಕನ್ನಡ ಮೊದಲು, ಉಡುಪಿ ಎರಡನೆಯದು. 2025ರಲ್ಲಿ ಉಡುಪಿ ಮೊದಲು, ದಕ್ಷಿಣ ಕನ್ನಡ ಎರಡನೆಯದು. ಇಂಥ ಊರಿನಲ್ಲಿ ಒಳ್ಳೆಯ ಅಂಕ ಬಂದ ಮಕ್ಕಳನ್ನು ನಿನಗೇನು ಇಷ್ಟ ಎಂದು ಯಾರೂ ಕೇಳುವುದಿಲ್ಲ, ಯಾವ ಕಾಲೇಜು ಎಂದಷ್ಟೇ ಕೇಳುತ್ತಾರೆ.

ಮಂಗಳೂರಿನ ಒಂದು ಹಾಸ್ಟೆಲ್ ಕಾಲೇಜಿಗೆ ಸೇರಿದೆ. ಆಗ ನೀಟ್ ಇನ್ನೂ ಬಂದಿರಲಿಲ್ಲ, ವೈದ್ಯಕೀಯ ಸೀಟು ರಾಜ್ಯದ ಪ್ರವೇಶ ಪರೀಕ್ಷೆಯಾದ ಸಿಇಟಿಯಿಂದಲೇ ಸಿಗುತ್ತಿತ್ತು. ಆ ರ‍್ಯಾಂಕಿಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮಾತ್ರ. ಇಂದಿನ ನೀಟ್ ಕೂಡ ಹಾಗೆಯೇ: 180 ಪ್ರಶ್ನೆಗಳಲ್ಲಿ 90 ಜೀವಶಾಸ್ತ್ರ, ತಲಾ 45 ಭೌತ ಮತ್ತು ರಸಾಯನ, ಗಣಿತದ ಸುದ್ದಿಯಿಲ್ಲ. ಕೋಚಿಂಗ್ ತರಗತಿಯಲ್ಲಿ ನಮಗೆ ನೇರವಾಗಿಯೇ ಹೇಳಿದರು: ಗಣಿತವನ್ನು ಕೊನೆಯ ತಿಂಗಳಲ್ಲಿ ಹಳೆಯ ಪ್ರಶ್ನೆಪತ್ರಿಕೆ ಹಿಡಿದು ಮುಗಿಸಿದರಾಯಿತು. ನಾನು ನಂಬಿದೆ.

ನನ್ನ ತಪ್ಪು ಯಾವುದು ಎಂಬುದನ್ನು ಬಿಡಿಸಿ ಹೇಳಬೇಕು, ಏಕೆಂದರೆ ನೀವು ಅದನ್ನು ತಪ್ಪೆಂದೇ ಎಣಿಸುತ್ತಿಲ್ಲ. ಪಿಸಿಎಂಬಿ ತೆಗೆದುಕೊಂಡದ್ದು ತಪ್ಪಲ್ಲ. ವೈದ್ಯಕೀಯದ ಆಸೆ ಪಟ್ಟದ್ದೂ ತಪ್ಪಲ್ಲ. ಪ್ರಥಮ ಪಿಯುಸಿಯ ಮಳೆಗಾಲ ಮುಗಿಯುವ ಮೊದಲೇ, ಗಣಿತ ಪಾಸಾಗಲು ಮಾತ್ರ ಇರುವ ವಿಷಯ ಎಂದು ಮನಸ್ಸಿನಲ್ಲೇ ಅದನ್ನು ಬದಿಗಿಟ್ಟೆನಲ್ಲ, ಅದು ತಪ್ಪು. ಬಿಟ್ಟದ್ದು ಗಣಿತವನ್ನು ಮಾತ್ರ ಎಂದುಕೊಂಡಿದ್ದೆ. ಅದರ ಜತೆಗೆ ಭೌತಶಾಸ್ತ್ರವೂ ಕೈಬಿಟ್ಟು ಹೋಯಿತು, ರಸಾಯನಶಾಸ್ತ್ರದ ಅರ್ಧವೂ ಹೋಯಿತು, ಹೋದದ್ದು ನನಗೆ ತಿಳಿಯಲೂ ಇಲ್ಲ.

ಹೇಗೆಂದರೆ, ಪ್ರಥಮ ಪಿಯುಸಿ ಭೌತಶಾಸ್ತ್ರದ ಆರಂಭದಲ್ಲೇ ತತ್‌ಕ್ಷಣದ ವೇಗ ಬರುತ್ತದೆ. ಅದನ್ನು ಅರ್ಥ ಮಾಡಿಕೊಳ್ಳಲು ಅವಕಲನ (ಡಿಫರೆನ್ಸಿಯೇಷನ್) ಬೇಕು. ಗಣಿತದ ಪುಸ್ತಕದಲ್ಲಿ ಅವಕಲನ ಬರುವುದು ಕೊನೆಯ ಪಾಠಗಳಲ್ಲಿ. ಭೌತಶಾಸ್ತ್ರದ ಸರ್ ಕಪ್ಪುಹಲಗೆಯ ಮೂಲೆಯಲ್ಲಿ ಎರಡು ಸಾಲು ಬರೆದು ಮುಂದೆ ಹೋಗುತ್ತಾರೆ, ನಾವು ನಕಲು ಮಾಡಿಕೊಳ್ಳುತ್ತೇವೆ. ಇಂಗ್ಲಿಷ್ ಮಾಧ್ಯಮಕ್ಕೆ ಆಗಷ್ಟೇ ಬಂದವರಿಗೆ ಅರ್ಥವಾಗದಿರುವುದು ಭಾಷೆಯೋ ವಿಷಯವೋ ಎಂಬುದೂ ಗೊತ್ತಾಗುವುದಿಲ್ಲ. ಗಣಿತವನ್ನು ಹಿಡಿದುಕೊಂಡಿದ್ದವರಿಗೆ ವರ್ಷದ ಕೊನೆಯಲ್ಲಾದರೂ ಆ ಎರಡು ಸಾಲು ತೆರೆದುಕೊಂಡವು. ಬಿಟ್ಟಿದ್ದ ನನಗೆ ಅವು ಬಾಯಿಪಾಠದ ಸೂತ್ರಗಳಾಗಿಯೇ ಉಳಿದವು.

ದ್ವಿತೀಯ ಪಿಯುಸಿಯಲ್ಲಿ ಇದರ ಬೆಲೆ ಗೊತ್ತಾಯಿತು. ಭೌತಶಾಸ್ತ್ರದಲ್ಲಿ ವಿಕಿರಣಶೀಲ ಕ್ಷಯ, ರಸಾಯನಶಾಸ್ತ್ರದಲ್ಲಿ ಪ್ರಥಮ ಕ್ರಮದ (ಫಸ್ಟ್ ಆರ್ಡರ್) ಕ್ರಿಯೆಯ ವೇಗ. ಎರಡರಲ್ಲೂ ಇರುವುದು ಒಂದೇ ಸಂಗತಿ: ಎಷ್ಟು ಉಳಿದಿದೆಯೋ ಅದಕ್ಕೆ ತಕ್ಕಂತೆ ಕಡಿಮೆಯಾಗುವ ದರ. ಅದನ್ನು ಸಮಾಕಲಿಸಿದರೆ (ಇಂಟಿಗ್ರೇಷನ್ ಮಾಡಿದರೆ) ಲಾಗರಿದಮ್ ಬರುತ್ತದೆ, 2ರ ಸಹಜ ಲಾಗರಿದಮ್ 0.693, ಅರ್ಧಾಯುವಿನ, ಅಂದರೆ ಇದ್ದದ್ದು ಅರ್ಧಕ್ಕಿಳಿಯಲು ಬೇಕಾದ ಸಮಯದ, ಸೂತ್ರದಲ್ಲಿರುವ ಸಂಖ್ಯೆ ಅದೇ. ನಾನು ಅದನ್ನು ಎರಡು ನೋಟ್‌ಪುಸ್ತಕಗಳಲ್ಲಿ ಎರಡು ಬೇರೆ ಸೂತ್ರಗಳೆಂದು ಬರೆದುಕೊಂಡು ಉರು ಹೊಡೆದೆ. ಮೂರು ಅರ್ಧಾಯು ಕಳೆದರೆ ಎಂಟನೆಯ ಒಂದು ಭಾಗ ಉಳಿಯುತ್ತದೆ ಎಂದು ಹೇಳಬಲ್ಲವಳಾಗಿದ್ದೆ. ಎರಡೂವರೆ ಅರ್ಧಾಯು ಎಂದು ಕೇಳಿದರೆ ಪೆನ್ನು ನಿಲ್ಲುತ್ತಿತ್ತು. ಪ್ರವೇಶ ಪರೀಕ್ಷೆಯಲ್ಲಿ ಕೇಳುವುದು ಅದನ್ನೇ.

ವೈದ್ಯಕೀಯ ಸೀಟಿಗೆ ಬೇಕಾದ ರ‍್ಯಾಂಕ್ ಬರಲಿಲ್ಲ. ನನ್ನನ್ನು ಕೆಳಗೆ ಎಳೆದದ್ದು ಜೀವಶಾಸ್ತ್ರವಲ್ಲ, ಭೌತಶಾಸ್ತ್ರ. ಮಾವ ಹೇಳಿದ್ದ ಇಂಜಿನಿಯರಿಂಗ್ ರ‍್ಯಾಂಕಿನಲ್ಲಿ ಅರ್ಧ ಪಾಲು ಸಿಇಟಿಯದು, ಇನ್ನರ್ಧ ಪಿಯುಸಿಯ ಭೌತ, ರಸಾಯನ, ಗಣಿತದ ಅಂಕಗಳದು. ಗಣಿತವನ್ನು ಪಾಸಿಗಷ್ಟೇ ಓದಿದವಳಿಗೆ ಅಲ್ಲಿ ಏನು ಸಿಗಬೇಕು?

ಬಿ.ಎಸ್ಸಿ.ಗೆ ಸೇರಿದೆ. ನಮ್ಮ ಕಡೆಯ ಪದವಿ ಕಾಲೇಜುಗಳಲ್ಲಿ ಭೌತಶಾಸ್ತ್ರ ಬೇಕೆಂದರೆ ಸಾಮಾನ್ಯವಾಗಿ ಗಣಿತವೂ ಜತೆಗೇ ಬರುತ್ತಿತ್ತು. ಗಣಿತ ಬೇಡವೆಂದರೆ ರಸಾಯನ, ಸಸ್ಯ, ಪ್ರಾಣಿಶಾಸ್ತ್ರದ ಸಿಬಿಝಡ್. ನನಗೆ ಮಾತ್ರ ಭೌತಶಾಸ್ತ್ರವೇ ಬೇಕಿತ್ತು, ಅಷ್ಟೆಲ್ಲ ಆದರೂ ಅದರ ಮೇಲಿನ ಆಸೆ ಹೋಗಿರಲಿಲ್ಲ. ಮೊದಲ ಸೆಮಿಸ್ಟರಿನಲ್ಲೇ ಗಣಿತದಲ್ಲಿ ಫೇಲಾದೆ. ಕೊನೆಗೆ ಊರಿನ ನಿವೃತ್ತ ಮೇಷ್ಟ್ರೊಬ್ಬರು ರಜೆಯಲ್ಲಿ ಮನೆಗೆ ಕರೆಸಿ, ಪಿಯುಸಿ ಗಣಿತವನ್ನು ಮೊದಲ ಪಾಠದಿಂದ ಕಲಿಸಿದರು. ಉತ್ತರ ಬರೆದು ತೋರಿಸಿದರೆ ಸಾಕು ಎನ್ನುತ್ತಿರಲಿಲ್ಲ, ರೇಖಾಚಿತ್ರ ಬರೆಸುತ್ತಿದ್ದರು. ಅವರಿಂದಾಗಿ ಪದವಿ ಮುಗಿಯಿತು, ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಆಯಿತು, ಆಮೇಲೆ ವೈದ್ಯಕೀಯ ಭೌತಶಾಸ್ತ್ರದ ತರಬೇತಿ. ಈಗ ಆಸ್ಪತ್ರೆಯೊಂದರ ವಿಕಿರಣ ಚಿಕಿತ್ಸಾ ವಿಭಾಗದಲ್ಲಿದ್ದೇನೆ. ವಿಕಿರಣ ಚಿಕಿತ್ಸೆಗೆ ಬಳಸುವ ಕೋಬಾಲ್ಟ್-60ರ ಅರ್ಧಾಯು 5.27 ವರ್ಷ, ಅಂದರೆ ಅದರ ವಿಕಿರಣದ ತೀವ್ರತೆ ತಿಂಗಳಿಗೆ ಸುಮಾರು ಶೇ. 1ರಷ್ಟು ಇಳಿಯುತ್ತದೆ. ಕೋಬಾಲ್ಟ್ ಯಂತ್ರದಲ್ಲಿ ಅಷ್ಟಕ್ಕೆ ತಕ್ಕಂತೆ ರೋಗಿಯ ಚಿಕಿತ್ಸೆಯ ಸಮಯವನ್ನು ಹೆಚ್ಚಿಸಬೇಕು. ಥೈರಾಯ್ಡ್ ಚಿಕಿತ್ಸೆಯ ಅಯೋಡಿನ್-131ಕ್ಕೆ 8 ದಿನ, ಸ್ಕ್ಯಾನಿಂಗಿನ ಟೆಕ್ನೀಷಿಯಂ-99ಎಂಗೆ 6 ಗಂಟೆ. ನಾನು ಎರಡು ನೋಟ್‌ಪುಸ್ತಕಗಳಲ್ಲಿ ಉರು ಹೊಡೆದ ಅದೇ ಸಮೀಕರಣ. ಡಾಕ್ಟರಾಗದೆಯೂ ಕ್ಯಾನ್ಸರ್ ರೋಗಿಗಳ ನಡುವೆ ಕೆಲಸ ಮಾಡುವ ಇಂಥದೊಂದು ವೃತ್ತಿ ಇದೆ ಎಂದು ನನಗೆ ಹದಿನಾರರಲ್ಲಿ ಯಾರೂ ಹೇಳಿರಲಿಲ್ಲ. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಈಗ ನಿಮ್ಮ ಪ್ರಶ್ನೆ. ಪಿಸಿಎಂಬಿಯೋ ಪಿಸಿಎಂಸಿಯೋ ಎಂಬುದಕ್ಕೆ ನೀವು ಕೊಡುತ್ತಿರುವ ಮಹತ್ವ ಅತಿಯಾಯಿತು. ಎರಡರಲ್ಲೂ ಮೊದಲ ಮೂರು ವಿಷಯ ಒಂದೇ, ನಿಮ್ಮ ಮುಂದಿನ ದಾರಿ ನಿಂತಿರುವುದು ಅವುಗಳ ಮೇಲೆ. ನಮ್ಮ ರಾಜ್ಯದಲ್ಲಿ ಇಂಜಿನಿಯರಿಂಗ್‌ಗೆ ಭೌತಶಾಸ್ತ್ರ, ಗಣಿತ ಕಡ್ಡಾಯ. ಮೂರನೆಯದು ರಸಾಯನ, ಜೀವಶಾಸ್ತ್ರ, ಕಂಪ್ಯೂಟರ್, ಎಲೆಕ್ಟ್ರಾನಿಕ್ಸ್ ಇವುಗಳಲ್ಲಿ ಯಾವುದಾದರೂ ನಡೆಯುತ್ತದೆ. ಪಿಸಿಎಂಬಿ ಓದಿದವರೂ ಕಂಪ್ಯೂಟರ್ ಇಂಜಿನಿಯರಿಂಗ್ ಸೇರುತ್ತಾರೆ. ಜೀವಶಾಸ್ತ್ರ ಬೇಕೇ ಬೇಕಾಗುವುದು ವೈದ್ಯಕೀಯ, ದಂತವೈದ್ಯ, ಆಯುರ್ವೇದ, ಪಶುವೈದ್ಯ, ಕೃಷಿಯಂಥ ಕೋರ್ಸುಗಳಿಗೆ. ಬಿ.ಫಾರ್ಮಾಗೆ ಗಣಿತ, ಜೀವಶಾಸ್ತ್ರ ಎರಡರಲ್ಲೊಂದು ಸಾಕು. ಶುದ್ಧ ವಿಜ್ಞಾನವೇ ಇಷ್ಟವಾದರೆ ಕೇಂದ್ರ ಸರಕಾರದ ವಿಜ್ಞಾನ ಶಿಕ್ಷಣ, ಸಂಶೋಧನಾ ಸಂಸ್ಥೆಗಳಾದ ಐಸರ್‌ಗಳ ಪ್ರವೇಶ ಪರೀಕ್ಷೆಯಲ್ಲಿ ನಾಲ್ಕೂ ವಿಷಯಗಳಿಂದ ತಲಾ 15 ಪ್ರಶ್ನೆ ಇರುತ್ತವೆ, ಅಲ್ಲಿ ಪಿಸಿಎಂಬಿ ಓದಿದವರಿಗೆ ಅನುಕೂಲ, ಗಣಿತ ಗಟ್ಟಿಯಿದ್ದರೆ ಮಾತ್ರ. ಜೀವಶಾಸ್ತ್ರ ಬೇಕೇ ಬೇಕಾದ ಕೋರ್ಸಿನ ಆಸೆಯಿಲ್ಲದಿದ್ದರೆ ನಾಲ್ಕನೆಯ ವಿಷಯವನ್ನು ಇಷ್ಟ ನೋಡಿ ಆರಿಸಿಕೊಳ್ಳಿ, ಅದರ ಬಗ್ಗೆ ನಿದ್ದೆ ಕೆಡಿಸಿಕೊಳ್ಳಬೇಡಿ.

ಗಣಿತವನ್ನು ಕಂಡರೇ ಆಗದು ಎನ್ನುವುದಾದರೆ ವಿಜ್ಞಾನವನ್ನೇ ಬಿಡುವ ಧೈರ್ಯ ಮಾಡಿ, ಅದರಲ್ಲಿ ಅವಮಾನವಿಲ್ಲ. ಕೈಕೆಲಸದಲ್ಲಿ ಆಸಕ್ತಿಯಿದ್ದರೆ ಮೂರು ವರ್ಷದ ಡಿಪ್ಲೊಮಾ ಇದೆ. ಮಂಗಳೂರಿನ ಕದ್ರಿ ಬೆಟ್ಟದಲ್ಲಿ ಸರಕಾರಿ ಪಾಲಿಟೆಕ್ನಿಕ್ಕೇ ಇದೆ, ಡಿಪ್ಲೊಮಾ ಮುಗಿಸಿ, ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ಇಂಜಿನಿಯರಿಂಗ್‌ನ ಎರಡನೆಯ ವರ್ಷಕ್ಕೆ ನೇರವಾಗಿ ಸೇರಬಹುದು. ಅಲ್ಲೂ ಗಣಿತವಿದೆ, ಆದರೆ ಯಂತ್ರದ ಪಕ್ಕದಲ್ಲಿ ನಿಂತು ಕಲಿಯುವ ಗಣಿತ. ಆದರೆ ನೀವು "ಕಷ್ಟ" ಎಂದಿದ್ದೀರಿ, "ಬೇಡ" ಎಂದಿಲ್ಲ. ಹಾಗಿದ್ದರೆ ತರಗತಿ ಆರಂಭವಾಗುವ ಮೊದಲು ಹತ್ತನೆಯ ತರಗತಿಯ ವರ್ಗಸಮೀಕರಣ, ತ್ರಿಕೋನಮಿತಿ, ನಿರ್ದೇಶಾಂಕ ರೇಖಾಗಣಿತವನ್ನು ಮತ್ತೊಮ್ಮೆ ಮಾಡಿ. ಲಾಗರಿದಮ್ ಹೈಸ್ಕೂಲಿನಲ್ಲಿ ಕಲಿಸಿರುವುದಿಲ್ಲ, ಪಿಯುಸಿಯಲ್ಲಿ ನಿಮಗೆ ಗೊತ್ತಿದೆ ಎಂದೇ ಭಾವಿಸಿ ಮುಂದೆ ಹೋಗುತ್ತಾರೆ. ಅದನ್ನು ಈಗಲೇ ಯಾರಿಂದಲಾದರೂ ಹೇಳಿಸಿಕೊಳ್ಳಿ.

ಕಾಲೇಜು ನೋಡಲು ಹೋದಾಗ ಶೇಕಡಾವಾರು ಫಲಿತಾಂಶದ ಫಲಕದ ಮುಂದೆ ನಿಲ್ಲಬೇಡಿ. ಪಿಸಿಎಂಬಿ ವಿಭಾಗಕ್ಕೆ ವಾರಕ್ಕೆ ಎಷ್ಟು ಗಣಿತದ ಪಿರಿಯಡ್, ಕೋಚಿಂಗ್ ಇದ್ದ ದಿನ ಅವುಗಳನ್ನು ಕಿತ್ತುಕೊಳ್ಳುತ್ತಾರೆಯೇ ಎಂದು ಅಲ್ಲಿ ಓದುತ್ತಿರುವ ಮಕ್ಕಳನ್ನೇ ಕೇಳಿ. ಪ್ರಥಮ ಪಿಯುಸಿಯವರಿಗೆ ಪ್ರಯೋಗಾಲಯ ವರ್ಷವಿಡೀ ತೆರೆದಿರುತ್ತದೆಯೇ, ಪರೀಕ್ಷೆಯ ಮುಂಚಿನ ತಿಂಗಳು ಮಾತ್ರವೇ ಎಂದೂ ಕೇಳಿ. ಭೌತಶಾಸ್ತ್ರದ 100 ಅಂಕಗಳಲ್ಲಿ 30 ಅದಕ್ಕಿವೆ. ಅಪ್ಪ ಅಮ್ಮನನ್ನೂ ಜತೆಗೆ ಕರೆದುಕೊಂಡು ಹೋಗಿ, ಉತ್ತರವನ್ನು ಅವರೂ ಕಿವಿಯಾರೆ ಕೇಳಲಿ.