ಹೊತ್ತಿಲ್ಲದವರಿಗೇ ದಪ್ಪ ಕಾದಂಬರಿ ಬೇಕು

ಮುಂಬೈ ಪಕ್ಕದ ಠಾಣೆ ಊರಲ್ಲಿದ್ದೀರಿ, ದಿನಾ ಲೋಕಲ್ ರೈಲಿನಲ್ಲಿ ಆಫೀಸಿಗೆ ಹೋಗಿ ಬರುತ್ತೀರಿ. ಕಾಲೇಜು ಮುಗಿದ ಮೇಲೆ ಕನ್ನಡ ಕಾದಂಬರಿ ಕೈಗೆ ತೆಗೆದುಕೊಂಡಿಲ್ಲ. ಸುಮ್ನೆ ಖುಷಿಗೆ ಮತ್ತೆ ಓದಲು ಶುರು ಮಾಡಿದವರು ಯಾರಾದರೂ ಇದ್ದೀರಾ, ಸಣ್ಣ ಪುಸ್ತಕದಿಂದ ಶುರು ಮಾಡಲಾ ಅಂತ ಕೇಳಿದ್ದೀರಿ.

ನಾನಿದ್ದೇನೆ. ಸಣ್ಣದರಿಂದ ಶುರು ಮಾಡಿ ಅಂತಲೇ ಎಲ್ಲರೂ ಹೇಳುತ್ತಾರೆ. ನಾನು ಹೇಳುವುದು ಉಲ್ಟಾ. ಗಾಡಿಗೆ ದಪ್ಪ ಪುಸ್ತಕ, ಮನೆಗೆ ಸಣ್ಣ ಪುಸ್ತಕ. ಯಾಕೆ ಅಂತ ಹೇಳುತ್ತೇನೆ.

ನಾನು ಧಾರವಾಡದವಳು. ಮದುವೆಯಾಗಿ ಡೊಂಬಿವಲಿಗೆ ಬಂದೆ. ಕೆಲಸ ಮುಂಬೈಯ ಫೋರ್ಟ್‌ನಲ್ಲಿ, ಲೆಕ್ಕಪತ್ರದ್ದು. ಮಗನ ಹತ್ತನೇ ಕ್ಲಾಸು ಮುಗಿದ ವರ್ಷ ಮನೆಯಲ್ಲಿ ಸ್ವಲ್ಪ ಉಸಿರಾಡಲು ಜಾಗ ಸಿಕ್ಕಿತು. ಆ ಮಳೆಗಾಲ ಪೂರ್ತಿ ಕಾದಂಬರಿ ಓದಿದೆ. ಯಾರಿಗೂ ಪರೀಕ್ಷೆ ಬರೆಯಬೇಕಿರಲಿಲ್ಲ, ಯಾರಿಗೂ ಅಭಿಪ್ರಾಯ ಹೇಳಬೇಕಿರಲಿಲ್ಲ. ಬೇಜಾರಾದರೆ ಪುಸ್ತಕ ಮುಚ್ಚಿಡುವುದು ಅಂತ ಮೊದಲೇ ತೀರ್ಮಾನಿಸಿದ್ದೆ. ಹಾಗೆ ಒಂದೆರಡು ಮುಚ್ಚಿಟ್ಟೆ ಕೂಡ. ಒಂದು ಐತಿಹಾಸಿಕ ಕಾದಂಬರಿಯಲ್ಲಿ ಬರೀ ಯುದ್ಧದ ತಯಾರಿಯೇ ಮುಗಿಯಲಿಲ್ಲ. ಅದನ್ನು ಕಪಾಟಿಗೆ ವಾಪಸ್ ಇಟ್ಟು ಆರಾಮಾಗಿ ಮುಂದಿನದು ತೆಗೆದೆ.

ಬೆಳಿಗ್ಗೆ ಡೊಂಬಿವಲಿಯಲ್ಲಿ ಫಾಸ್ಟ್ ಹತ್ತಿದರೆ ಕೈ ಎತ್ತಲೂ ಜಾಗವಿರುವುದಿಲ್ಲ. ಓದಿನ ಮಾತೇ ಇಲ್ಲ. ಸಂಜೆ ಮಾತ್ರ ಫೋರ್ಟ್ ಪಕ್ಕದ ಸಿಎಸ್‌ಎಂಟಿ ಸ್ಟೇಷನ್ನಿನಿಂದಲೇ ಗಾಡಿ ಹೊರಡುವುದರಿಂದ ಸೀಟು ಸಿಗುತ್ತದೆ. ಮನೆಗೆ ಬೇಗ ಮುಟ್ಟಲೇಬೇಕಾದ ದಿನ ಬಿಟ್ಟರೆ ನಾನು ಬೇಕಂತಲೇ ಎಲ್ಲ ಸ್ಟೇಷನ್ನಿನಲ್ಲೂ ನಿಲ್ಲುವ ಸ್ಲೋ ಹಿಡಿಯುತ್ತಿದ್ದೆ.

ಆ ಗಾಡಿಯಲ್ಲಿ ಮೊದಲು ತೆಗೆದದ್ದು ಯಶವಂತ ಚಿತ್ತಾಲರ ‘ಶಿಕಾರಿ’. 1979ರ ಕಾದಂಬರಿ. ಚಿತ್ತಾಲರು ಉತ್ತರ ಕನ್ನಡದ ಹನೇಹಳ್ಳಿಯವರು, ಆದರೆ ಬದುಕಿನ ಹೆಚ್ಚಿನ ಭಾಗ ಕಳೆದದ್ದು ಮುಂಬೈಯಲ್ಲಿ. ಮುಂಬೈಯ ದೊಡ್ಡ ಕಂಪನಿಯೊಂದು ನಾಗಪ್ಪ ಅನ್ನುವವನನ್ನು ಏಕಾಏಕಿ ಕೆಲಸದಿಂದ ದೂರ ಇಡುತ್ತದೆ. ಯಾರು ಮಾಡಿಸಿದ್ದು, ಯಾಕೆ ಅಂತ ಅವನ ತಲೆಯಲ್ಲಿ ಒಂದು ಅನುಮಾನದಿಂದ ಇನ್ನೊಂದು ಹುಟ್ಟುತ್ತಾ ಹೋಗುತ್ತದೆ. ದಾದರ್‌ನಲ್ಲಿ ಜನ ನುಗ್ಗಿದಾಗ ಆ ಎಳೆ ಕಡಿದರೆ ಮತ್ತೆ ನಾಲ್ಕು ಪುಟ ಹಿಂದೆ ಹೋಗಬೇಕು. ಅದನ್ನು ಮನೆಗೆ ತಂದು ಶನಿವಾರ ರಾತ್ರಿಗಳಲ್ಲಿ ಓದಿದೆ. ಎಲ್ಲರೂ ಮಲಗಿದ ಮೇಲೆ, ಅಡುಗೆಮನೆಯ ದೀಪದಲ್ಲಿ. ಆಫೀಸಿನಲ್ಲಿ ಒಂದು ಮಾತಿನ ಹಿಂದೆ ಏನಿದೆ ಅಂತ ಹೆದರುವ ಸ್ಥಿತಿ ಇದೆಯಲ್ಲ, ಅದನ್ನು ಅಷ್ಟು ಹತ್ತಿರದಿಂದ ಬರೆದದ್ದನ್ನು ನಾನು ಬೇರೆಲ್ಲೂ ಓದಿಲ್ಲ. ಆದರೆ ಅದು ಬಿಡುವು ಕೇಳುವ ಪುಸ್ತಕ.

ಗಾಡಿಗೆ ಹೊಂದಿದ್ದು ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’. 1967ರದು, ಸುಮಾರು 700 ಪುಟ. ತೂಕ ನೋಡಿಯೇ ಎಷ್ಟೋ ಜನ ಹೆದರುತ್ತಾರೆ. ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರೂ ಅಲ್ಲ ಅಂತ ಕುವೆಂಪು ಮೊದಲಿಗೇ ಹೇಳಿಬಿಡುತ್ತಾರೆ. ಗಾಡಿಯಲ್ಲಿ ಓದುವವರಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡಿಲ್ಲ. ಇವತ್ತು ನಾಯಿಗುತ್ತಿಯ ಜೊತೆ ಕಾಡಿನ ದಾರಿಯಲ್ಲಿದ್ದರೆ ನಾಳೆ ಐತ ಪೀಂಚಲು ಅವರ ಬಿಡಾರದಲ್ಲಿ, ನಾಡಿದ್ದು ಮದುವೆ ತಪ್ಪಿಸಿಕೊಂಡು ರಾತ್ರೋರಾತ್ರಿ ಮನೆ ಬಿಡುವ ಚಿನ್ನಮ್ಮನ ಜೊತೆ. ಒಂದು ಕಥೆಯ ಬೆನ್ನು ಹತ್ತಿ ಓಡಬೇಕಾಗಿಲ್ಲ. ನಡುವೆ ನಾಲ್ಕು ದಿನ ಬಿಟ್ಟರೂ ಆ ಕಾಡು, ಆ ಮಳೆ, ಆ ಜನ ಅಲ್ಲೇ ಇರುತ್ತಾರೆ. ಸಣ್ಣ ಕಾದಂಬರಿಯಲ್ಲಿ ಈ ಅನುಕೂಲ ಇಲ್ಲ. ಅಲ್ಲಿ ಪರಿಚಯ ಆಗುವಷ್ಟರಲ್ಲಿ ಪುಸ್ತಕವೇ ಮುಗಿದಿರುತ್ತದೆ, ಮತ್ತೆ ಹೊಸ ಪುಸ್ತಕ, ಹೊಸ ಜನ. ದಿನಕ್ಕೆ ಹತ್ತು ಹನ್ನೆರಡು ಪುಟ ಓದುವವರಿಗೆ ಅದೇ ಆಯಾಸ.

ಇನ್ನೊಂದು ಸಂಗತಿ ಹೇಳಲೇಬೇಕು. ಲೇಡೀಸ್ ಡಬ್ಬಿಯಲ್ಲಿ ದಿನಾ ನನ್ನ ಎದುರು ಕೂರುವ ಒಬ್ಬ ಮಾವಶಿ ಇದ್ದರು, ಮರಾಠಿಯಲ್ಲಿ ಚಿಕ್ಕಮ್ಮ ಅಂದ ಹಾಗೆ. ಸಾವಂತವಾಡಿ ಕಡೆಯವರು. ಕುರ್ಲಾ ದಾಟುತ್ತಲೇ ಚೀಲದಿಂದ ಚವಳಿಕಾಯಿ ತೆಗೆದು, ತೊಡೆ ಮೇಲೆ ಪೇಪರ್ ಹಾಸಿ, ನಾರು ಬಿಡಿಸಲು ಶುರು ಮಾಡುತ್ತಿದ್ದರು. ಒಂದು ದಿನ ಪುಸ್ತಕದ ಗಾತ್ರ ನೋಡಿ ಇದೇನು ಪೋಥಿಯಾ, ಅಂದರೆ ದೇವರ ಗ್ರಂಥವಾ ಅಂತ ಕೇಳಿದರು. ಅಲ್ಲ, ಕಾದಂಬರಿ ಅಂದೆ. ಹಾಗಾದರೆ ಕಥೆ ಹೇಳು ಅಂದರು. ನನ್ನ ಮರಾಠಿ ಅಷ್ಟಕ್ಕಷ್ಟೆ. ನಡುನಡುವೆ ಹಿಂದಿ ಸೇರಿಸಿ ಗುತ್ತಿಯ ಕಥೆ, ಅವನ ನಾಯಿ ಹುಲಿಯನ ಕಥೆ ಹೇಳಿದೆ. ಮಾರನೇ ದಿನ ನಾನು ಕೂರುವಷ್ಟರಲ್ಲೇ ‘ಪುಢೇ ಕಾಯ್ ಝಾಲಂ’, ಮುಂದೇನಾಯಿತು ಅಂತ ಶುರು. ಅಂದಿನಿಂದ ದಿನಾ ಅದೇ. ಮೊದಲು ನಾಯಿಯ ಕ್ಷೇಮ ವಿಚಾರಿಸುತ್ತಿದ್ದರು, ಆಮೇಲೆ ಮನುಷ್ಯರದು.

ಗುತ್ತಿ ತಿಮ್ಮಿಯನ್ನು ಕದ್ದು ಕರೆದುಕೊಂಡು ಹೋಗಬೇಕಾದದ್ದು ಯಾಕೆ, ಮನೆಯವರನ್ನು ಕೇಳಿ ಮದುವೆ ಆಗಬಾರದಾ ಅಂತ ಅವರ ಪ್ರಶ್ನೆ. ಓದುವಾಗ ನಾನು ಅದನ್ನು ಸುಲಭವಾಗಿ ದಾಟಿಕೊಂಡು ಬಂದಿದ್ದೆ. ಈಗ ಬಿಡಿಸಿ ಹೇಳಬೇಕಾಯಿತು. ಗುತ್ತಿ ಸಿಂಬಾವಿಯ ಒಡೆಯರ ಆಳು, ತಿಮ್ಮಿ ಬೆಟ್ಟಳ್ಳಿಯ ಕೇರಿಯವಳು. ಜೀತದ ಹುಡುಗಿ ಯಾರನ್ನು ಮದುವೆ ಆಗಬೇಕು ಅನ್ನುವುದೂ ಒಡೆಯನದೇ ಮಾತು. ಅವಳು ಹೊರಟು ಹೋದರೆ ಒಂದು ಮನೆಗೆ ಆಳು ಕಡಿಮೆ, ಇನ್ನೊಂದು ಮನೆಗೆ ಜಾಸ್ತಿ. ಮಾವಶಿ ಕೈಯಲ್ಲಿದ್ದ ಚವಳಿಕಾಯಿ ಹಾಗೇ ಹಿಡಿದುಕೊಂಡು ಕೇಳಿದರು. ನಮ್ಮ ಕಡೆಯೂ ಹೀಗೇ ಇತ್ತು, ನನ್ನ ಅಜ್ಜಿ ಹೇಳುತ್ತಿದ್ದಳು ಅಂದರು. ಆಮೇಲೆ ಮುಲುಂಡ್‌ವರೆಗೆ ಅವರೇ ಮಾತಾಡಿದರು. ಅವತ್ತು ನಾನು ಪುಸ್ತಕ ತೆರೆಯಲೇ ಇಲ್ಲ. ಆ ಮಳೆಗಾಲದ ಓದಿನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಸಂಜೆ ಅದು. ಹುಲಿಯನಿಗೆ ಕೊನೆಗೆ ಏನಾಗುತ್ತದೆ ಅಂತ ನಿಮಗೆ ಹೇಳುವುದಿಲ್ಲ, ನೀವೇ ಓದಬೇಕು.

ಸಯನ್ ಕುರ್ಲಾ ನಡುವೆ ಹಳಿ ಮೇಲೆ ನೀರು ನಿಂತು ಗಾಡಿ ನಿಂತ ದಿನಗಳೂ ಇದ್ದವು. ನಿಮಗೆ ಗೊತ್ತೇ ಇದೆ, ಎಷ್ಟು ಹೊತ್ತು ಅಂತ ಯಾರೂ ಹೇಳುವುದಿಲ್ಲ. ಅಂಥ ದಿನ ಸಣ್ಣ ಪುಸ್ತಕ ಇದ್ದಿದ್ದರೆ ಮುಗಿದೇ ಹೋಗುತ್ತಿತ್ತು. ಪುಸ್ತಕಕ್ಕೆ ದಪ್ಪ ಪ್ಲಾಸ್ಟಿಕ್ ಕವರ್ ಹಾಕಿಸಿ. ಕಿಟಕಿ ಪಕ್ಕ ಕೂತರೆ ಶಟರ್ ಇಳಿಸಿದರೂ ಎರಚಲು ಬರುತ್ತದೆ.

ಹಾಗಾದರೆ ಸಣ್ಣ ಕಾದಂಬರಿ ಬೇಡವಾ? ಬೇಕು, ಭಾನುವಾರಕ್ಕೆ. ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಒಂದೇ ಕೂರಿಕೆಯಲ್ಲಿ ಓದುವಂಥದ್ದು. ದುಡ್ಡು ಬಂದ ಮೇಲೆ ಒಂದು ಮನೆ ಹೇಗೆ ಬದಲಾಗುತ್ತದೆ ಅನ್ನುವುದನ್ನು ನಡುವೆ ಎದ್ದು ಹೋಗದೆ ಓದಬೇಕು. ತೇಜಸ್ವಿಯವರ ‘ಕರ್ವಾಲೊ’ವನ್ನು ನಾನು ಮಗನಿಗೆ ಜೋರಾಗಿ ಓದಿ ಹೇಳಿದೆ. ಇಲ್ಲಿ ಬೆಳೆದ ಮಕ್ಕಳಿಗೆ ಕನ್ನಡ ಮಾತು ಬರುತ್ತದೆ, ಓದಲು ಬರುವುದಿಲ್ಲ. ನಿಮ್ಮ ಮನೆಯಲ್ಲೂ ಅದೇ ಕಥೆ ಇರಬಹುದು. ಮೂಡಿಗೆರೆಯ ಕಾಡಿನಲ್ಲಿ ಹಾರುವ ಓತಿ ಹುಡುಕಿಕೊಂಡು ಹೋಗುವ ವಿಜ್ಞಾನಿ, ಅವರ ಜೊತೆ ಜೇನು ಹಿಡಿಯುವ ಮಂದಣ್ಣ. ಮಂದಣ್ಣನ ಮದುವೆಯ ಭಾಗ ಎರಡು ಸಲ ಓದಿಸಿಕೊಂಡ. ಹಾರುವ ಓತಿ ನಿಜವಾಗಿ ಇದೆಯಾ ಅಂತ ಕೇಳಿದ. ಇದೆ ಅಂದೆ, ಪಶ್ಚಿಮ ಘಟ್ಟದಲ್ಲಿ ಈಗಲೂ ಇದೆ.

ಪುಸ್ತಕ ಎಲ್ಲಿಂದ ಅಂತ ಯೋಚನೆ ಬೇಡ. ನಾನು ತವರಿಗೆ ಹೋದಾಗಲೆಲ್ಲ ಧಾರವಾಡದ ಸುಭಾಸ ರಸ್ತೆಯ ಮನೋಹರ ಗ್ರಂಥಮಾಲೆಯ ಅಟ್ಟ ಹತ್ತಿ ತರುತ್ತೇನೆ. 1933ರಿಂದ ಇರುವ ಪ್ರಕಾಶನ ಅದು. ನಿಮಗೆ ಹತ್ತಿರ ಅಂದರೆ ಮಾಟುಂಗಾ. ಅಲ್ಲಿ ಮೈಸೂರು ಅಸೋಸಿಯೇಷನ್ 1926ರಿಂದಲೂ ಇದೆ. ಕಾರ್ಯಕ್ರಮಕ್ಕೆ ಹೋಗಿ ನಾಲ್ಕು ಜನರನ್ನು ಮಾತಾಡಿಸಿ. ಮನೆಯ ಕಪಾಟಿನಲ್ಲಿ ಕನ್ನಡ ಪುಸ್ತಕ ಇಟ್ಟುಕೊಂಡು, ಕೇಳುವವರಿಲ್ಲ ಅಂತ ಬೇಜಾರಾಗಿರುವ ಹಿರಿಯರು ಈ ಊರಲ್ಲಿ ತುಂಬಾ ಇದ್ದಾರೆ. ಖುಷಿಯಿಂದ ಕೊಡುತ್ತಾರೆ.

‘ಮಲೆಗಳಲ್ಲಿ ಮದುಮಗಳು’ ಸಿಕ್ಕರೆ ಮೊದಮೊದಲು ಹೆಸರುಗಳು ಗೊಂದಲ ಮಾಡುತ್ತವೆ. ಪುಸ್ತಕದ ಕೊನೆಯ ಖಾಲಿ ಹಾಳೆಯಲ್ಲಿ ಪೆನ್ಸಿಲ್ಲಿನಿಂದ ಮನೆಗಳ ಹೆಸರು ಬರೆದುಕೊಳ್ಳಿ. ಸಿಂಬಾವಿ, ಬೆಟ್ಟಳ್ಳಿ, ಹೂವಳ್ಳಿ, ಕೋಣೂರು, ಹಳೆಮನೆ. ಯಾರು ಯಾವ ಮನೆಯವರು ಅಂತ ಅದರ ಕೆಳಗೆ ಸೇರಿಸುತ್ತಾ ಹೋಗಿ. ಮತ್ತೆ ನಿಮಗೆ ನನಗಿಲ್ಲದ ಒಂದು ಅನುಕೂಲ ಇದೆ. ಠಾಣೆಯಿಂದಲೇ ಹೊರಡುವ ಸ್ಲೋ ಗಾಡಿಗಳಿವೆ, ಬೆಳಿಗ್ಗೆಯೂ ಕೂರಲು ಸೀಟು ಸಿಗುತ್ತದೆ. ಸ್ವಲ್ಪ ಮುಂಚೆ ಮನೆ ಬಿಡಿ, ಅದನ್ನೇ ಹಿಡಿಯಿರಿ.