ಮೊದಲು ಒಂದು ಆಟಿ ಊರಿನಲ್ಲಿ ಕಳೆ

ತಮ್ಮಾ, ನಿನ್ನ ವಾಯ್ಸ್ ಮೆಸೇಜ್ ಕೇಳಿದೆ. ಅಬುಧಾಬಿಯ ಮುಸಫಾದ ಲಾರಿಗಳ ಸದ್ದಿನಲ್ಲಿ ಅರ್ಧ ಮಾತು ಹಾರಿಹೋದರೂ ವಿಷಯ ತಿಳಿಯಿತು. ಕಾಂಟ್ರಾಕ್ಟಿನ ಎರಡು ವರ್ಷ ಮುಗಿಯುತ್ತ ಬಂತು, ಕಂಪನಿಯವರು ರಿನ್ಯೂ ಮಾಡುತ್ತೇವೆ ಎನ್ನುತ್ತಾರೆ. ಅತ್ತ ಮಂಗಳೂರಿನ ಬೈಕಂಪಾಡಿಯಲ್ಲಿ ಒಂದು ಕೆಲಸ ಸಿಗುವ ಹಾಗಿದೆ, ಸಂಬಳ ಇಲ್ಲಿಯದರ ಅರ್ಧ. ಇರುವುದಾ, ಹೋಗುವುದಾ? ಎಷ್ಟು ದುಡ್ಡಾದರೆ ಊರಿಗೆ ಮರಳಬಹುದು? ಇಲ್ಲಿ ಪಿಎಫ್ ಉಂಟಾ? ಮದುವೆಯಾದರೆ ಹುಡುಗಿಯನ್ನು ಕರೆಸಬೇಕಾ, ಅಮ್ಮನ ಜೊತೆ ಬಿಡಬೇಕಾ? ಇಷ್ಟು ತಾನೆ?

ಸುಲಭದ್ದು ಮೊದಲು. ಪಿಎಫ್ ಇಲ್ಲ. ನಮಗಿರುವುದು ಗ್ರಾಚ್ಯುಟಿ, ಕೆಲಸ ಬಿಡುವಾಗ ಕಂಪನಿ ಕೊಡುವ ಇಡುಗಂಟು. ಮೊದಲ ಐದು ವರ್ಷದಲ್ಲಿ ವರ್ಷಕ್ಕೆ 21 ದಿನದ ಸಂಬಳ, ಆಮೇಲೆ ವರ್ಷಕ್ಕೆ 30 ದಿನದ್ದು. ಆದರೆ ಲೆಕ್ಕ ಬೇಸಿಕ್ ಮೇಲೆ, ಅಂದರೆ ಭತ್ಯೆ ಬಿಟ್ಟ ಮೂಲ ಸಂಬಳದ ಮೇಲೆ ಮಾತ್ರ. ನಿನ್ನ 4,500 ದಿರ್ಹಮಿನಲ್ಲಿ ಬೇಸಿಕ್ 2,000 ಅಂತ ಬರೆದಿದ್ದರೆ ಎರಡು ವರ್ಷಕ್ಕೆ ಕೈಗೆ ಬರುವುದು 2,800. ಈಗಿನ ರೇಟಿಗೆ ಅದರಲ್ಲಿ ಒಂದು ಪವನ್ ಚಿನ್ನವೂ ಬರಲಿಕ್ಕಿಲ್ಲ. ಹಾಗಾಗಿ ರಿನ್ಯೂ ಮಾಡುವುದಾದರೆ ಒಟ್ಟು ಸಂಬಳ ಏರಿಸಿ ಎಂದು ಜಗಳ ಮಾಡಬೇಡ, ಬೇಸಿಕ್ ಏರಿಸಿ ಎನ್ನು. 2022ರ ಫೆಬ್ರವರಿಯಲ್ಲಿ ಹೊಸ ಕಾನೂನು ಬಂದ ಮೇಲೆ ನೀನಾಗಿಯೇ ಬಿಟ್ಟರೂ ಅದು ಕಡಿತವಾಗುವುದಿಲ್ಲ. ನಮ್ಮ ಕಾಲದಲ್ಲಿ ಮೂರು ವರ್ಷದೊಳಗೆ ಬಿಟ್ಟವನಿಗೆ ಮೂರನೇ ಒಂದು ಪಾಲು ಸಿಕ್ಕಿದರೆ ಪುಣ್ಯ.

ತೆರಿಗೆಯ ವಿಷಯ: ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ವರ್ಷದಲ್ಲಿ ಯಾವ ತಿಂಗಳು ಮಂಗಳೂರಿನ ಬಜಪೆ ವಿಮಾನ ನಿಲ್ದಾಣದಲ್ಲಿ ಇಳಿಯುತ್ತೀ ಎಂಬುದರ ಮೇಲೆ ಆ ವರ್ಷದ ಸಂಬಳಕ್ಕೆ ಊರಿನಲ್ಲಿ ಟ್ಯಾಕ್ಸ್ ಬೀಳುತ್ತದೋ ಇಲ್ಲವೋ ನಿಂತಿದೆ. ಸಿಎ ಹತ್ತಿರ ಟಿಕೆಟ್ ತೆಗೆಯುವ ಮೊದಲು ಕೇಳು, ತೆಗೆದ ಮೇಲಲ್ಲ. ಖಾಯಂ ಹೋದ ಮೇಲೆ ಅನಿವಾಸಿಗಳಿಗೆಂದೇ ಇರುವ ಎನ್ಆರ್‌ಇ ಖಾತೆಯನ್ನೂ ಹಾಗೆಯೇ ಇಟ್ಟುಕೊಳ್ಳುವಂತಿಲ್ಲ, ಬ್ಯಾಂಕಿಗೆ ತಿಳಿಸಿ ಮಾಮೂಲಿ ಖಾತೆ ಮಾಡಿಸಬೇಕು. ಬಡ್ಡಿಗೆ ಟ್ಯಾಕ್ಸ್ ಇಲ್ಲವೆಂಬ ಸುಖ ಅಲ್ಲಿಗೆ ಮುಗಿಯಿತು.

ಎಷ್ಟು ದುಡ್ಡು ಎಂಬುದಕ್ಕೆ ನನ್ನ ಹತ್ತಿರ ಅಂಕಿ ಇಲ್ಲ. 1999ರಲ್ಲಿ ಬರುವಾಗ ಹತ್ತು ಲಕ್ಷ ಎಂದುಕೊಂಡಿದ್ದೆ. ಆಮೇಲೆ ಅದು ತಂಗಿಯ ಮದುವೆ ಆದ ಮೇಲೆ, ಮನೆಗೆ ಸ್ಲ್ಯಾಬ್ ಬಿದ್ದ ಮೇಲೆ, ಮಗಳ ಹತ್ತನೇ ಕ್ಲಾಸ್ ಮುಗಿದ ಮೇಲೆ ಎಂದು ಮುಂದೆ ಮುಂದೆ ಹೋಯಿತು. ದುಡ್ಡಿನ ಲೆಕ್ಕ ಹಾಕಬೇಡ ಎನ್ನುವುದಿಲ್ಲ. ಆದರೆ ಊರಿಗೆ ಹೋಗಿ ನಿಲ್ಲುತ್ತೀಯೋ ಇಲ್ಲವೋ ಎನ್ನುವುದು ಆ ಲೆಕ್ಕದಲ್ಲಿ ಸಿಗುವುದಿಲ್ಲ. ಅದಕ್ಕೆ ಅಣ್ಣನ ಕಥೆ ಹೇಳಬೇಕು.

ಆಗ ಬಜಪೆಯಿಂದ ದುಬೈಗೆ ವಿಮಾನವೇ ಇರಲಿಲ್ಲ, ಅದು ಶುರುವಾದದ್ದು 2006ರಲ್ಲಿ. ಕಾರ್ಕಳದಿಂದ ಬೊಂಬಾಯಿ ಬಸ್ಸು ಹತ್ತಿ, ಅಂಧೇರಿಯಲ್ಲಿ ಮಾವನ ಚಾಳಿನಲ್ಲಿ ಮಲಗಿ, ಅಲ್ಲಿಯ ಸಹಾರ್ ವಿಮಾನ ನಿಲ್ದಾಣದಿಂದ ಹಾರಿದವರು ನಾವು. ದುಬೈಯ ಡೇರಾದಲ್ಲಿ ನೈಫ್ ರಸ್ತೆಯ ಹಿಂದೆ ಒಂದು ರೂಮು, ಮಂಚದ ಮೇಲೆ ಮಂಚ. ನಡುರಾತ್ರಿ ನಾನು ಪೆಟ್ಟಿಗೆ ಹೊತ್ತು ಬಾಗಿಲು ತಟ್ಟಿದಾಗ ಎದ್ದು ಬಂದು, ಏನೂ ಕೇಳದೆ ಕುಚ್ಚಲಕ್ಕಿ ಗಂಜಿ ಬಿಸಿ ಮಾಡಿ ಮಿಡಿ ಉಪ್ಪಿನಕಾಯಿ ಜೊತೆ ಕೊಟ್ಟವರು ಅಣ್ಣ. ಶಿರ್ವದ ಕಡೆಯವರು, ರೂಮಿನಲ್ಲಿ ಎಲ್ಲರಿಗಿಂತ ಹಿರಿಯರು, ಹಾಗಾಗಿ ಎಲ್ಲರಿಗೂ ಅಣ್ಣ.

ನಮ್ಮಲ್ಲಿ ಯಾರ ಲೆಕ್ಕವಾದರೂ ಸರಿಯಿತ್ತು ಎಂದರೆ ಅವರದೇ. ಸಾಲ ಇಲ್ಲ, ಮನೆ ಮುಗಿದಿತ್ತು, ಒಂದೂವರೆ ಎಕರೆ ಅಡಿಕೆ, ಬ್ಯಾಂಕಿನಲ್ಲಿ ಎಫ್‌ಡಿ. 2013ರಲ್ಲಿ ವೀಸಾ ಕ್ಯಾನ್ಸಲ್ ಮಾಡಿಸಿ ಹೊರಟರು. ಕರಾಮದ ಒಂದು ಹೋಟೆಲಿನಲ್ಲಿ ಊಟ ಹಾಕಿಸಿ ಕಳಿಸಿದೆವು. ಒಳಗೊಳಗೇ ಹೊಟ್ಟೆಕಿಚ್ಚು ಪಟ್ಟೆವು ಕೂಡ.

2015ರಲ್ಲಿ ಅವರು ವಿಸಿಟ್ ವೀಸಾದಲ್ಲಿ ವಾಪಸ್ ಬಂದರು.

ದುಡ್ಡು ಮುಗಿದಿತ್ತು ಎಂದು ತಿಳಿಯಬೇಡ. ಅವರು ಹೇಳಿದ್ದು ಇಷ್ಟು. ಊರಿಗೆ ಹೋದ ಮೊದಲ ತಿಂಗಳು ಸಿಕ್ಕಿದವರೆಲ್ಲ ಕೇಳುವುದು, ಯಾವಾಗ ಬಂದದ್ದು, ಯಾವಾಗ ಹೋಗುವುದು? ನಿನಗೂ ಗೊತ್ತು, ರಜೆಯಲ್ಲಿ ಹೋದಾಗ ಬಸ್ ಸ್ಟ್ಯಾಂಡಿನಿಂದ ದೇವಸ್ಥಾನದವರೆಗೆ ಇದೊಂದೇ ಪ್ರಶ್ನೆ. ಇನ್ನು ಹೋಗುವುದಿಲ್ಲ ಎಂದರೆ ಯಾರೂ ನಂಬುವುದಿಲ್ಲ. ಮೂರು ತಿಂಗಳಾಗುವಾಗ ಪ್ರಶ್ನೆ ಬದಲಾಯಿತು: ಎಂತ, ಕೆಲಸ ಹೋಯಿತಾ?

ಅದನ್ನಾದರೂ ನಕ್ಕು ತಳ್ಳಬಹುದಿತ್ತು. ಮನೆಯ ಒಳಗಿನದ್ದು ಹಾಗಲ್ಲ. ಮದುವೆಯಾದ ಲಾಗಾಯ್ತಿನಿಂದ ಆ ಮನೆ ನಡೆಸಿದವರು ಅತ್ತಿಗೆ. ಕೆಲಸದವರು, ಗೊಬ್ಬರ, ಪಂಚಾಯತಿನ ತೆರಿಗೆ, ಮಗಳ ಶಾಲೆ, ಅತ್ತೆಯ ಸಕ್ಕರೆ ಕಾಯಿಲೆ, ಎಲ್ಲ. ಅಣ್ಣ ಬೆಳಿಗ್ಗೆ ಇಲ್ಲಿಯ ಅಭ್ಯಾಸದಲ್ಲಿ ಐದಕ್ಕೇ ಎದ್ದು ತೋಟಕ್ಕೆ ನೀರು ಬಿಡೋಣವೆಂದು ಪಂಪಿನ ಸ್ವಿಚ್ ಒತ್ತಿದರೆ ಒಳಗಿನಿಂದ ಅತ್ತಿಗೆಯ ಸ್ವರ: ಈಗ ಬೇಡ, ತ್ರೀ ಫೇಸ್ ಕರೆಂಟ್ ಬರುವುದು ಹನ್ನೊಂದಕ್ಕೆ. ಸೊಸೈಟಿಗೆ ಹೋದರೆ ಅಲ್ಲಿಯ ಸೆಕ್ರೆಟರಿ ಪಕ್ಕದವರಿಗೆ ಇವರನ್ನು ಪರಿಚಯಿಸಿದ್ದು ಅತ್ತಿಗೆಯ ಹೆಸರು ಹೇಳಿ, ಅವರ ಗಂಡ ಎಂದು. ಒಂದು ದಿನ ಮಗಳು ಕಾಲೇಜಿನ ಟ್ರಿಪ್ಪಿಗೆ ಹೋಗಲಾ ಎಂದು ಕೇಳಿದಳು. ಅಪ್ಪ ಎದುರಿಗೇ ಕೂತಿದ್ದಾರೆ, ಹುಡುಗಿ ನೋಡಿದ್ದು ಅಮ್ಮನ ಮುಖ.

ಅತ್ತಿಗೆಯದು ಗುಲಗಂಜಿಯಷ್ಟೂ ತಪ್ಪಿಲ್ಲ. ಅಣ್ಣನದೂ ಇಲ್ಲ ಎನ್ನುತ್ತೇನೆ. ಆದರೆ ಮನುಷ್ಯನಿಗೆ ತನ್ನದೇ ಮನೆಯಲ್ಲಿ ತಾನೊಂದು ಮಾತು ಹೇಳಿದೆ, ಅದು ನಡೆಯಿತು ಎಂದಾಗಬೇಕಲ್ಲ. ವರ್ಷವೂ ಅಡಿಕೆಗೆ ಮದ್ದು ಬಿಡಲು ಬರುತ್ತಿದ್ದವನು ಕೂಲಿ ಹೆಚ್ಚು ಕೇಳುತ್ತಾನೆ ಎಂದು ಅಣ್ಣ ಬೇರೆಯವನನ್ನು ಗೊತ್ತು ಮಾಡಿದರು. ಅವನು ಇಂದು ಬರುತ್ತೇನೆ ನಾಳೆ ಬರುತ್ತೇನೆ ಎನ್ನುತ್ತಿರುವಾಗಲೇ ಮಳೆ ಹಿಡಿಯಿತು. ಆ ಸಲ ಕೊಳೆರೋಗಕ್ಕೆ ಅರ್ಧ ಫಸಲು ಉದುರಿತು. ಅತ್ತಿಗೆ ಒಂದು ಮಾತೂ ಆಡಲಿಲ್ಲವಂತೆ, ದಿನಾ ಬುಟ್ಟಿ ಹಿಡಿದು ಬಿದ್ದದ್ದನ್ನು ಹೆಕ್ಕಿದರಂತೆ. ಬೈದಿದ್ದರೆ ಉಳಿಯುತ್ತಿದ್ದೆನೋ ಏನೋ ಎಂದು ಅಣ್ಣ ಹೇಳಿದ್ದು ನನಗೆ ಈಗಲೂ ಮರೆತಿಲ್ಲ.

ಈಗ ಅಜ್ಮಾನಿನಲ್ಲಿ ಸ್ಟೋರ್ ಕೀಪರ್, ಮೊದಲಿಗಿಂತ ಕಡಿಮೆ ಸಂಬಳ. ದಿನಾ ರಾತ್ರಿ ಫೋನ್ ಮಾಡುತ್ತಾರೆ. ಫೋನಿನಲ್ಲಿ ಗಂಡ ಹೆಂಡತಿ ಬಹಳ ಚೆನ್ನಾಗಿದ್ದಾರೆ.

ಅದಕ್ಕೇ ಹೇಳುವುದು, ತೀರ್ಮಾನ ಮಾಡುವ ಮೊದಲು ಊರಿಗೆ ಹೋಗು, ಆದರೆ ಆಟಿಯಲ್ಲಿ, ತುಳುವರ ಆ ಜಡಿಮಳೆಯ ತಿಂಗಳಲ್ಲಿ ಹೋಗು. ನಾವು ರಜೆ ತೆಗೆಯುವುದು ಮೇ ತಿಂಗಳಿನ ಮದುವೆಗಳಿಗೆ, ಇಲ್ಲವೇ ಡಿಸೆಂಬರಿನಲ್ಲಿ ಕೋಲ, ಕಂಬಳ, ಯಕ್ಷಗಾನದ ಕಾಲಕ್ಕೆ. ಊರು ಆಗ ಮದುಮಗಳ ಹಾಗಿರುತ್ತದೆ. ಅದನ್ನು ನೋಡಿ ಖಾಯಂ ಬರುತ್ತೇನೆ ಎನ್ನುವುದು ಸುಲಭ. ಜುಲೈ-ಆಗಸ್ಟಿನಲ್ಲಿ ಕರೆಂಟಿಲ್ಲ, ಹಾಕಿದ ಬಟ್ಟೆ ಒಣಗುವುದಿಲ್ಲ, ಬೈಕಿನ ಸೀಟಿಗೆ ಬೂಸ್ಟು, ಮನೆಗೆ ಬರುವವರಿಲ್ಲ, ಕರೆಯುವವರಿಲ್ಲ. ಪತ್ರೊಡೆ ಎರಡು ದಿನ ಚೆಂದ. ಟಿಕೆಟ್ ಆ ಹೊತ್ತಿಗೆ ದುಬಾರಿ, ಆಗಲಿ. ಎರಡು ತಿಂಗಳು ಸಿಕ್ಕರೆ ಎರಡು ತಿಂಗಳು ಇರು, ಆರು ತಿಂಗಳೊಳಗೆ ತಿರುಗಿ ಬಂದರೆ ವೀಸಾಕ್ಕೆ ತೊಂದರೆಯಿಲ್ಲ. ಅಲ್ಲಿದ್ದಾಗ ಬೆಳಿಗ್ಗೆ ಬಸ್ಸು ಹಿಡಿದು ನಾಲ್ಕು ದಿನ ಬೈಕಂಪಾಡಿಗೆ ಹೋಗಿ ಬಾ, ಆ ಕೆಲಸಕ್ಕೆ ಹೋಗುವವನ ಹಾಗೆಯೇ. ಸೊಸೈಟಿಗೆ ಅಮ್ಮನ ಬದಲು ನೀನು ಹೋಗು. ಪಂಪಿನ ಕರೆಂಟ್ ಯಾವಾಗ ಬರುತ್ತದೆ ಎಂದು ಕೇಳಿಟ್ಟುಕೋ.

ಮದುವೆಯ ಪ್ರಶ್ನೆಗೆ ಉತ್ತರ ಇದರಲ್ಲೇ ಉಂಟು. ಸಂಬಳ 4,000 ದಿರ್ಹಮ್ ಇದ್ದರೆ, ಅಥವಾ 3,000 ಮತ್ತು ಕಂಪನಿಯ ಮನೆ ಇದ್ದರೆ ಹೆಂಡತಿಯ ವೀಸಾ ಸಿಗುತ್ತದೆ. ಆ ಸಂಬಳದಲ್ಲಿ ಸಂಸಾರ ನಡೆಯುತ್ತದೆ ಎಂದು ಅರ್ಥವಲ್ಲ, ಬಾಡಿಗೆ ನೀನೇ ನೋಡುತ್ತಿದ್ದೀ. ಕರೆಸಿಕೋ, ಇಲ್ಲವಾದರೆ ನೀನೇ ಹೋಗು. ಅವಳನ್ನು ಅಮ್ಮನ ಜೊತೆ ಬಿಟ್ಟು ಹತ್ತು ವರ್ಷ ಕಳೆಯುವ ಮೂರನೆಯ ದಾರಿ ಹಿಡಿಯಬೇಡ. ಹಂಚಿನ ಮನೆ ಕೆಡವುವ ಮಾತು ಅಪ್ಪ ಎತ್ತಿದರೂ ಈಗಲೇ ಹೂಂ ಎನ್ನಬೇಡ.

ಇನ್ನೊಂದು, ಹೋಗುವ ದಿನವನ್ನು ನಾವೇ ಆರಿಸುತ್ತೇವೆ ಎಂಬ ಗರ್ವ ಬೇಡ. 2020ರ ಮೇ ತಿಂಗಳಲ್ಲಿ, ಕೊರೋನಾ ಕಾಲದಲ್ಲಿ, ಸರಕಾರ ಕಳಿಸಿದ ವಂದೇ ಭಾರತ್ ವಿಮಾನದಲ್ಲಿ ಬಜಪೆಗೆ ಇಳಿದವರಲ್ಲಿ ಕೆಲಸ ಹೋದವರು ಎಷ್ಟು ಜನ! ಇಲ್ಲಿ ವೀಸಾ ಇರುವವರೆಗೆ ಮನೆ, ಅಷ್ಟೇ. ಆರು ತಿಂಗಳ ಖರ್ಚು ಊರಿನ ಬ್ಯಾಂಕಿನಲ್ಲಿ ಬಿದ್ದಿರಲಿ.

ನನ್ನನ್ನು ಕೇಳಿದರೆ, ಬೇಸಿಕ್ ಏರಿಸಿದರೆ ಇನ್ನೊಂದು ಕಾಂಟ್ರಾಕ್ಟ್ ಮಾಡು, ನಡುವೆ ಆ ಆಟಿಯ ರಜೆ ಬರೆಸಿಕೊಂಡು. ನಾನು ಯಾವಾಗ ಹೋಗುವುದು ಎಂದೂ ಕೇಳಿದ್ದೀ. ಹೆಂಡತಿ ಮಕ್ಕಳು ಇಲ್ಲೇ ಇದ್ದಾರೆ, ಅದೊಂದು ಹೆಮ್ಮೆಯೇ. ಹುಡುಗಿ ಈಗ ಹನ್ನೆರಡನೇ ಕ್ಲಾಸ್, ಮುಂದೆ ಬೆಂಗಳೂರು ಎನ್ನುತ್ತಾಳೆ. ಹೆಂಡತಿಗೆ ಮಂಗಳೂರಿನಲ್ಲಿ ಫ್ಲ್ಯಾಟ್ ಬೇಕು. ಕಾರ್ಕಳದ ಮನೆಯ ತೋಟದಲ್ಲಿ ಎಷ್ಟು ಮರ ಉಳಿದಿದೆ ಎಂದು ಅವಳಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ, ನೋಡಿಕೊಳ್ಳುವವನು ಹೇಳಿದ್ದೇ ಲೆಕ್ಕ.

ಬರುವ ಭಾನುವಾರ ಶಾರ್ಜಾಕ್ಕೆ ಊಟಕ್ಕೆ ಬಾ. ಲೇಬರ್ ಕಾಂಟ್ರಾಕ್ಟಿನ ಪ್ರತಿ ತಾ, ಬೇಸಿಕ್ ನೋಡೋಣ. ಅಣ್ಣನನ್ನೂ ಕರೆಯುತ್ತೇನೆ. ನಾನು ಹೇಳಿದ್ದರಲ್ಲಿ ಉಪ್ಪುಖಾರ ಎಷ್ಟು ಬಿದ್ದಿದೆ ಎಂದು ಅವರನ್ನೇ ಕೇಳು.